ರಾಜಿಗೆ ಬಂದ ಯಂತ್ರ

ಪ್ರೀತಿಯ ಮಗಳೇ,

ತೀರಿಹೋದ ನಿನ್ನಪ್ಪನ ದನಿಯಲ್ಲಿ ಮಾತಾಡಲಿ ಎಂದು ನನ್ನ ಫೋನಿಗೆ ಹಾಕಿಕೊಟ್ಟೆಯಲ್ಲ, ಆ ಯಂತ್ರದ ಬಾಯಿ ಮುಚ್ಚಿಸಿದ್ದೇನೆ. ದನಿಯೇನೋ ಥೇಟ್ ಅವರದೇ. ಆದರೆ ಅದು ನನ್ನನ್ನು ಹೆಸರು ಹಿಡಿದು ಕರೆಯಿತು. ಮದುವೆಯಾದಾಗಿನಿಂದ ಅವರಿಗೆ ನಾನು ಬರೀ "ಇವಳೇ". ಅದನ್ನೂ ಸಹಿಸಿಕೊಂಡೆ. ಆಮೇಲೆ, ಅವರು ನನ್ನ ಟೀಚರ್ ಕೆಲಸ ಬಿಡಿಸಿದ ವಿಷಯ ಎತ್ತಿದೆ. ತಕ್ಷಣ "ತಪ್ಪಾಯ್ತು, ಕ್ಷಮಿಸಿಬಿಡು" ಎಂದಿತು! ಸಾಯುವವರೆಗೂ ಅವರ ಬಾಯಲ್ಲಿ ಬಾರದ ಮಾತು.

"ನಿಂಗೆ ಸಮಾಧಾನ ಆಗ್ಲಿ ಅಂತಮ್ಮಾ" ಎನ್ನುತ್ತೀಯ. ನನಗೆ ಸಮಾಧಾನ ಬೇಡ. ಅವರ ಜೊತೆಗಿನ ಜಗಳ ನನ್ನದು, ಇನ್ನೂ ಮುಗಿದಿಲ್ಲ. ಅವರ ಪರವಾಗಿ ರಾಜಿಗೆ ಬರಲು ಇದ್ಯಾವ ದೊಡ್ಡ ಮನುಷ್ಯ?

ಭಾನುವಾರ ಬಂದು ಅದನ್ನು ಅಳಿಸಿಹಾಕು. ಗೋಡೆಯ ಮೇಲಿನ ಫೋಟೋ ಇರಲಿ. ಎಷ್ಟು ಬೈದರೂ ತೆಪ್ಪಗಿರುತ್ತದೆ, ಅವರ ಹಾಗೆಯೇ.

ಇಂತಿ,
ನಿನ್ನ ಅಮ್ಮ