ಭುಜ ಸಿಮೆಂಟಲ್ಲ, ಮಾವ

ಮೇಸ್ತ್ರಿ ಮಾವನಿಗೆ ನಿನ್ನ ಸೋದರಳಿಯ ಮಹದೇವನ ನಮಸ್ಕಾರ.

ಮೊದಲಿಗೇ ಹೇಳಿಬಿಡುತ್ತೇನೆ, ನನ್ನ ಬಲಗೈ ಮೇಲಕ್ಕೆ ಹೋಗುತ್ತಿದೆ. ಅಬ್ಬಾ! ಇದನ್ನು ಬರೆಯುವಾಗಲೂ ಒಮ್ಮೆ ಎತ್ತಿ ನೋಡಿಕೊಂಡೆ. ಆರು ತಿಂಗಳ ಹಿಂದೆ ಶರ್ಟು ಹಾಕಿಕೊಳ್ಳಲೂ ಹೆಂಡತಿಯನ್ನು ಕರೆಯುತ್ತಿದ್ದೆ. ಗಾರೆ ಕೆಲಸದವನಿಗೆ ಬಲಗೈ ಹೋದರೆ ಇನ್ನೇನು ಉಳಿಯಿತು, ನೀನೇ ಹೇಳು?

ನರಸೀಪುರದಲ್ಲಿ ಒಂದು ಮನೆಯ ಸೀಲಿಂಗಿಗೆ ಗಾರೆ ಬಡಿಯುತ್ತಿದ್ದಾಗ ಭುಜ ಹಿಡಿದುಕೊಂಡು ಕರಣೆ ಕೈಜಾರಿ ಬಿತ್ತು. ಆಗ ನೆನಪಾದದ್ದು ನೀನೇ. ನಿನ್ನ ಭುಜ ಹಿಡಿದುಕೊಂಡಾಗ ನೀನು ಹೇಳಿದ್ದೆಯಲ್ಲ, "ಕಾಂಕ್ರೀಟ್ ಆಕಿದ್ಮೇಲೆ ಅಲ್ಲಾಡಿಸ್ತೀವೇನ್ಲಾ? ಒದ್ದೆ ಗೋಣಿ ಸುತ್ತಿ ಇಪ್ಪತ್ತೊಂದು ದಿನ ಬುಡು, ತಾನೇ ಗಟ್ಟಿ ಆಯ್ತದೆ." ಇಪ್ಪತ್ತೆರಡನೆಯ ದಿನ ನೀನು ಗೋಣಿ ಬಿಚ್ಚಿ "ವಾಸಿ ಆಯ್ತು" ಅಂದೆ, ನಾನು ನಂಬಿದೆ. ಅದನ್ನೇ ನಂಬಿಕೊಂಡು ನಾನೂ ಕೈಯನ್ನು ಎದೆಗೆ ಕಟ್ಟಿ, ಒದ್ದೆ ಟವಲ್ ಸುತ್ತಿ, ದಿನಕ್ಕೆ ಮೂರು ಸಲ ನೀರು ಹೊಡೆದೆ. ಗಟ್ಟಿಯೇನೋ ಆಯಿತು ಮಾವ. ಬಿಚ್ಚಿದರೆ ಭುಜ ಅಲ್ಲಾಡಲೇ ಇಲ್ಲ.

ನಂಜನಗೂಡಿನ ಡಾಕ್ಟರು ಸ್ಕ್ಯಾನ್ ಮಾಡಿಸಿದರು. ಭುಜದ ಗುಂಡನ್ನು ಅದರ ಗೂಡಿನಲ್ಲಿ ಹಿಡಿದಿಡಲು ನಾಲ್ಕು ಸ್ನಾಯುಗಳಿವೆಯಂತೆ, ಅದರಲ್ಲೊಂದರ ತುದಿ ಅರ್ಧ ಹರಿದಿತ್ತು. ವರ್ಷಗಟ್ಟಲೆ ಕೈಯನ್ನು ತಲೆಯ ಮೇಲೆತ್ತಿ ದುಡಿದವರಿಗೆ ಹೀಗಾಗುವುದುಂಟಂತೆ. ಕಟ್ಟಿಹಾಕಿ ಬಿಗಿಸಿಕೊಂಡದ್ದು ಮಾತ್ರ ನನ್ನದೇ ಘನಕಾರ್ಯ. ಆಪರೇಷನ್ ಸದ್ಯಕ್ಕೆ ಬೇಡ ಎಂದು ವ್ಯಾಯಾಮಕ್ಕೆ ಕಳಿಸಿದರು. ಅಲ್ಲಿನ ಫಿಸಿಯೋ ಹುಡುಗಿ ನಮ್ಮ ಗೋಣಿ ವೈದ್ಯ ಕೇಳಿ ಬಿದ್ದು ಬಿದ್ದು ನಕ್ಕಳು. "ಭುಜ ಸಿಮೆಂಟಲ್ಲ ಅಣ್ಣ, ನೋವು ಕೆರಳದಂಗೆ ದಿನಾ ಅಲ್ಲಾಡಿಸ್ತಾ ಇರ್ಬೇಕು."

ಮೇಜಿಗೆ ಬಗ್ಗಿ ಕೈ ಇಳಿಬಿಟ್ಟು ತೂಗುವುದು, ಬೆರಳುಗಳನ್ನು ಗೋಡೆ ಹತ್ತಿಸುವುದು, ತಿಂಗಳಾದ ಮೇಲೆ ರಬ್ಬರ್ ಪಟ್ಟಿ ಎಳೆಯುವುದು. ಬೆರಳು ಮುಟ್ಟಿದಲ್ಲಿ ಪೆನ್ಸಿಲ್ ಗೆರೆ ಹಾಕುತ್ತಿದ್ದೆ. ಒಂದು ವಾರ ಗೆರೆ ಏರಲೇ ಇಲ್ಲ, ಆಗ ಅತ್ತುಬಿಟ್ಟೆ. ನೀನಾದರೂ ಬದುಕಿದ್ದಿದ್ದರೆ ನಿನ್ನಿಂದ ಬೈಯಿಸಿಕೊಂಡು ಸುಮ್ಮನಾಗುತ್ತಿದ್ದೆ.

ನೀನು ಗೋಣಿ ಬಿಚ್ಚಿದ ಮೇಲೆ ನಡೆದ ಅಕ್ಕನ ಮದುವೆಯಲ್ಲಿ ಎಡಗೈಲಿ ಅಕ್ಷತೆ ಹಾಕಿದೆ. ನಾಲ್ಕು ಜನರ ಮುಂದೆ ನಾನು, "ಬಲಗೈ ಎತ್ತಕ್ಕೂ ಸೋಮಾರಿತನ್ವಾ ಮಾವ?" ಎಂದೆ. ನೀನು ನಕ್ಕು ಹಿಂದೆ ಸರಿದೆ. ಆಮೇಲೆ ಕೆಲಸಕ್ಕೂ ಬರಲಿಲ್ಲ. ಕೈ ಎತ್ತಲಾಗುತ್ತಿಲ್ಲ ಎಂದು ಒಂದು ಮಾತು... ಹೇಳಿದ್ದರೂ ನಾನು ನಂಬುತ್ತಿದ್ದೆನೇ? ತಪ್ಪಾಯಿತು ಮಾವ.

ತಗಡೂರಿನಲ್ಲಿ ನಿನ್ನ ಮಗಳು ಸಾವಿತ್ರಿ ಮನೆ ಕಟ್ಟಿಸುತ್ತಿದ್ದಾಳೆ. ಕೈ ಚಾಚುವುದು ಕಡಿಮೆಯಾಗಲೆಂದು ನಿಂತು ಗಾರೆ ಹಾಕುವ ಸಾರವೆಯನ್ನು ಎರಡಡಿ ಮೇಲಕ್ಕೆ ಕಟ್ಟಿಸಿಕೊಂಡೆ, ಆಗಾಗ ಇಳಿದು ಕೂತೆ. ಮೊನ್ನೆ ನಡುಮನೆಯ ಸೀಲಿಂಗ್ ಮುಗಿಸಿದೆ, ಬಲಗೈಯಲ್ಲೇ. ಅತ್ತೆ ಕೆಳಗೆ ನಿಂತು ಕತ್ತೆತ್ತಿ ನೋಡಿ, "ನಿಮ್ಮಾವ ಆಕ್ದಂಗೇ ಅದೆ ಕಣ್ಲಾ" ಎಂದರು. ನಿನ್ನ ಕೈಗೂ ಇದೇ ಆಗಿದ್ದಿರಬೇಕೆಂದು ಅವರಿಗೆ ಅಲ್ಲೇ ಬಿಡಿಸಿ ಹೇಳಿದೆ.

"ಅಂಗಾರೆ ಅವ್ರು ಕೆಲ್ಸಕ್ಕೋಗ್ದೆ ಕಳ್ಳಾಟ ಆಡ್ತಿರ್ನಿಲ್ವಾ?"

"ಇಲ್ಲ ಅತ್ತೆ."

"ಸದ್ಯ ಕಣಪ್ಪ" ಎಂದು ಅತ್ತೆ ಮರಳಿನ ಗುಡ್ಡೆಯ ಮೇಲೇ ಕೂತುಬಿಟ್ಟರು.