ದಿನ ತುಂಬಿದವರಿಗೆ ದಾರಿ ಬಿಡಿ

ದೇಶದ ಅತಿ ಎತ್ತರದ ಕುರ್ಚಿಯಲ್ಲಿ ಇನ್ನೂ ಕೆಲವು ವಾರ ಕುಳಿತಿರಲಿರುವ ಮಾನ್ಯರೇ,

ನನ್ನ ಕತ್ತರಿ ತಮ್ಮ ಪೊಲೀಸರ ವಶದಲ್ಲಿದೆ. ನಮ್ಮ ಮೇಲ್ಸೇತುವೆಯನ್ನು ಮತ್ತೆ ಮುಚ್ಚಿದ್ದಾರೆ. ಸೇತುವೆಯ ಆಚೆ ಆಸ್ಪತ್ರೆಯಲ್ಲಿ ನನ್ನ ಮೊಮ್ಮಗಳಿದ್ದಾಳೆ, ಈಚೆ ಮನೆಯಲ್ಲಿ ಅವಳಿಗೆ ಹಾಲೂಡಿಸಬೇಕಾದ ನನ್ನ ಮಗಳಿದ್ದಾಳೆ, ಇಬ್ಬರ ನಡುವೆ ತಮಗಾಗಿ ಕಟ್ಟಿದ ಒಂದು ರಿಬ್ಬನ್ ಇದೆ. ಸೇತುವೆ ಬಿಟ್ಟುಕೊಡಿ, ಕತ್ತರಿ ವಾಪಸು ಕೊಡಿಸಿ ಎಂದು ಕೇಳುವುದಕ್ಕೆ ಈ ಪತ್ರ. ಎರಡು ಸಾಲಿನಲ್ಲಿ ಮುಗಿಯಬೇಕಾದ ಮಾತು. ಆದರೆ ಇಷ್ಟು ವರ್ಷ ತಮ್ಮ ಭಾಷಣ ಕೇಳಿ ಕೇಳಿ ಚಿಕ್ಕದಾಗಿ ಮಾತಾಡುವ ಅಭ್ಯಾಸ ನನಗೆ ತಪ್ಪಿಹೋಗಿದೆ. ಸ್ವಲ್ಪ ಸಹಿಸಿಕೊಳ್ಳಿ. ನಾವು ಸಹಿಸಿಕೊಂಡಿಲ್ಲವೇ?

ನಾನು ರೈಲ್ವೆ ಗೇಟಿನ ಪಕ್ಕದಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡವಳು. ನನ್ನ ಅಂಗಡಿಯ ಕಿಟಕಿಯಿಂದ ನೋಡಿದರೆ ಹಳಿಯ ಆಚೆ ದೊಡ್ಡಾಸ್ಪತ್ರೆಯ ಮಾಳಿಗೆ ಕಾಣುತ್ತದೆ, ಅಲ್ಲಿ ಒಣಗಲು ಹಾಕಿದ ಹೊದಿಕೆಗಳೂ ಕಾಣುತ್ತವೆ. ಅಷ್ಟು ಹತ್ತಿರ. ಆದರೆ ಹೋಗಬೇಕೆಂದರೆ ಗೇಟು ದಾಟಬೇಕು, ಗೇಟು ಬಿದ್ದರೆ ಬಿತ್ತು. ಗೂಡ್ಸ್ ಗಾಡಿಯೊಂದು ಬಂದು ಅಡ್ಡ ನಿಂತುಬಿಟ್ಟರೆ ಜನ ವಾಹನ ಆರಿಸಿ, ಕೆಳಗಿಳಿದು, ಸಂಸಾರದ ಸುದ್ದಿ ಎಲ್ಲ ಮಾತಾಡಿ ಮುಗಿಸುತ್ತಾರೆ. ನನ್ನ ಮಗಳಿಗೆ ಗಂಡು ಸಿಕ್ಕಿದ್ದೂ ಆ ಗೇಟಿನ ದೆಸೆಯಿಂದಲೇ. ಅಳಿಯ ಬೇಕರಿಯ ವ್ಯಾನು ಓಡಿಸುವವನು. ಗೇಟು ಬಿದ್ದಾಗಲೆಲ್ಲ ಕಿತ್ತುಹೋದ ಗುಂಡಿ ಹಾಕಿಸಿಕೊಳ್ಳುವ ನೆಪದಲ್ಲಿ ಅಂಗಡಿಗೆ ಬರುತ್ತಿದ್ದ. ಒಬ್ಬ ಮನುಷ್ಯನ ಅಂಗಿಗೆ ಅಷ್ಟು ಗುಂಡಿ ಕಿತ್ತುಹೋಗಲು ಸಾಧ್ಯವಿಲ್ಲ ಎಂದು ನನಗೆ ಹೊಳೆಯುವಷ್ಟರಲ್ಲಿ ಮಾತು ಬಹಳ ದೂರ ಹೋಗಿತ್ತು.

ಈ ಗೇಟಿನ ಕಾಟ ತಪ್ಪಿಸಲೆಂದೇ ಮೇಲ್ಸೇತುವೆ ಕಟ್ಟಿದರು. ಕಟ್ಟಿ ಮುಗಿಸಿದರು ಎಂಬುದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ತಮ್ಮ ಕಾಲದಲ್ಲಿ ಅಂಥ ಪ್ರಸಂಗ ಅಪರೂಪ. ಡಾಂಬರು ಆಯಿತು, ಬಣ್ಣ ಆಯಿತು, ದೀಪವೂ ಹತ್ತಿತು. ಆಮೇಲೆ ಎರಡೂ ತುದಿಗೆ ಡ್ರಮ್ಮು ಉರುಳಿಸಿ ನಿಲ್ಲಿಸಿ, ಇದು ತಮ್ಮ ಅಮೃತಹಸ್ತಕ್ಕಾಗಿ ಕಾಯುತ್ತಿದೆ ಎಂದರು. ಅಂದಿನಿಂದ ಒಂದು ನಾಯಿ ಸೇತುವೆಯ ನಟ್ಟನಡುವೆ ಕಾಲು ಚಾಚಿ ಮಲಗುತ್ತದೆ. ಈ ದೇಶದಲ್ಲಿ ಅಷ್ಟು ನಿಶ್ಚಿಂತೆಯಿಂದ ನಿದ್ದೆ ಮಾಡುವ ಜೀವ, ತಮ್ಮನ್ನು ಬಿಟ್ಟರೆ, ಇನ್ನೊಂದಿಲ್ಲ. ಕಲ್ಲಿನ ಮೇಲೆ ದಪ್ಪ ಅಕ್ಷರದಲ್ಲಿ 'ಲೋಕಾರ್ಪಣೆ' ಎಂದು ಕೆತ್ತಿಸಿದ್ದಾರೆ. ಲೋಕಾರ್ಪಣೆ ಎಂದರೆ ಲೋಕಕ್ಕೆ ಒಪ್ಪಿಸುವುದು ಎಂದು ಶಾಲೆಯಲ್ಲಿ ಕಲಿತ ನೆನಪು. ಲೋಕವೆಲ್ಲ ಕೆಳಗೆ ಗೇಟಿನಲ್ಲಿ ಬೆವರು ಒರೆಸಿಕೊಳ್ಳುತ್ತ ನಿಂತಿತ್ತು, ಅರ್ಪಣೆ ಮಾತ್ರ ಮೇಲೆ ನಾಯಿಗಾಗಿತ್ತು.

ಆ ಕಲ್ಲಿಗೆ ಪರದೆ ಹೊಲಿದವಳು ನಾನೇ, ರಿಬ್ಬನ್ನೂ ನನ್ನ ಕೈಯದೇ. ಮೊದಲ ಸಲ ದಿನ ಗೊತ್ತಾದಾಗ ತಮಗೆ ಗಂಟಲು ಕಟ್ಟಿತು. ಎರಡನೆಯ ಸಲ ವಿದೇಶ ಪ್ರವಾಸ ಬಂತು. ಮೂರನೆಯ ಸಲ 'ಅನಿವಾರ್ಯ ಕಾರಣ' ಬಂತು. ಪ್ರತಿ ಸಲವೂ ಪರದೆಯನ್ನು ಇಳಿಸಿ, ಒಗೆದು, ಇಸ್ತ್ರಿ ಮಾಡಿ ಮತ್ತೆ ತೊಡಿಸಿದೆ. ಕಡುನೀಲಿ ಬಟ್ಟೆ ಬಿಸಿಲಿಗೆ ಬೂದಿ ಬಣ್ಣಕ್ಕೆ ತಿರುಗಿತು. ಅನಿವಾರ್ಯ ಕಾರಣ ಏನೆಂಬುದು ಗೇಟಿನಲ್ಲಿ ನಿಲ್ಲುವ ಪ್ರತಿಯೊಬ್ಬರಿಗೂ ಗೊತ್ತು. ಪಕ್ಕದ ಊರಿನ ಸಭೆಯಲ್ಲಿ ತಾವು ಮಾತಿಗೆ ಎದ್ದು ನಿಂತಾಗ ಜನ ಒಬ್ಬೊಬ್ಬರಾಗಿ ಎದ್ದು, ಕುರ್ಚಿ ತಿರುಗಿಸಿ, ತಮಗೆ ಬೆನ್ನು ಹಾಕಿ ಕುಳಿತರಲ್ಲ, ಅದೇ ಕಾರಣ. ಮರುದಿನದ ಸುದ್ದಿಯಲ್ಲಿ 'ಜನಸ್ತೋಮ ಅಲುಗದೆ ಆಲಿಸಿತು' ಎಂದು ಬಂತು. ಸುಳ್ಳಲ್ಲ ಬಿಡಿ, ಯಾರೂ ಅಲುಗಲಿಲ್ಲ.

ಜನ ಏಕೆ ಬೆನ್ನು ಹಾಕಿದರು ಎಂದು ತಮಗೆ ನಿಜವಾಗಿಯೂ ತಿಳಿಯದೇ? ತಿಳಿಯದಿದ್ದರೆ ಯಾವುದಾದರೂ ಹೊಲಿಗೆ ಅಂಗಡಿಯಲ್ಲಿ ಅರ್ಧ ದಿನ ಕೂರಬೇಕಿತ್ತು. 'ಹೊಟ್ಟೆ ಬಟ್ಟೆ ಕಟ್ಟಿ ದೇಶ ಕಟ್ಟೋಣ' ಎಂದು ತಾವು ಘೋಷಣೆ ಕೊಟ್ಟಿರಿ. ಬಟ್ಟೆಯ ವಿಷಯ ನನ್ನ ಇಲಾಖೆಯಾದ್ದರಿಂದ ಹೇಳುತ್ತೇನೆ, ತಮ್ಮ ಆಡಳಿತದಲ್ಲಿ ನಾನು ಹೊಸ ಬಟ್ಟೆ ಹೊಲಿದದ್ದಕ್ಕಿಂತ ಹಳೆಯದನ್ನು ಹಿಡಿದು ಚಿಕ್ಕದು ಮಾಡಿಕೊಟ್ಟದ್ದೇ ಹೆಚ್ಚು. ಅಪ್ಪನ ಕೋಟು ಮಗನಿಗೆ, ಅಕ್ಕನ ಲಂಗ ತಂಗಿಗೆ, ತಂಗಿಗೂ ಸಾಲದಾದಾಗ ದಿಂಬಿಗೆ. ಬಂದವರೆಲ್ಲ ಸೊಂಟ ಹಿಡಿದುಕೊಡಿ ಎನ್ನುವವರೇ. ಬಿಟ್ಟುಕೊಡಿ ಎಂದು ಬಂದವನು ಇತ್ತೀಚೆಗೆ ಒಬ್ಬನೇ, ಅವನು ತಮ್ಮ ಗುಪ್ತಚರ. ಅವನ ಕಥೆಯನ್ನೂ ಹೇಳಬೇಕು.

ಆ ದಿನ ಒಬ್ಬ ದುಂಡನೆಯ ಮನುಷ್ಯ ಪ್ಯಾಂಟು ತಂದು ಸೊಂಟ ಸ್ವಲ್ಪ ಸಡಿಲ ಮಾಡಿ ಎಂದು ಕೇಳಿದ. ತಾವು ಬರುವುದಕ್ಕೆ ನಾಲ್ಕನೆಯ ಸಲ ದಿನ ಗೊತ್ತು ಮಾಡುವ ಮಾತು ನಡೆದಿತ್ತಂತೆ, ಅದಕ್ಕೆ ಊರಿನ ಗಾಳಿ ನೋಡಿಕೊಂಡು ಬಾ ಎಂದು ಇವನನ್ನು ಮಫ್ತಿಯಲ್ಲಿ ಕಳಿಸಿದ್ದರು. ನನಗೇನು ಗೊತ್ತು? ನಾನು ಅಳತೆ ಹಿಡಿಯುತ್ತಿರುವಾಗ ಬೀಗಿತ್ತಿಯ ಫೋನು ಬಂತು. ಅವರಿಗೆ ಕಿವಿ ಸ್ವಲ್ಪ ಮಂದ. ಹಾಗಾಗಿ ಕತ್ತರಿಯನ್ನು ಕೈಯಲ್ಲಿ ಹಿಡಿದುಕೊಂಡೇ, ತಮ್ಮ ನಗುಮುಖದ ಕ್ಯಾಲೆಂಡರಿನ ಕೆಳಗೆ ನಿಂತು, ಗಟ್ಟಿಯಾಗಿ ಹೇಳಿದೆ:

"ದಿನ ತುಂಬಿದೆ ಕಣ್ರೀ. ಇನ್ನೇನಿದ್ರೂ ಇವತ್ತೋ ನಾಳೆಯೋ. ತಾನಾಗೇ ಹೊರಗೆ ಬಂದ್ರೆ ಸರಿ, ಇಲ್ಲಾಂದ್ರೆ ಕೊಯ್ದು ತೆಗೀತಾರಂತೆ. ನಾನಂತೂ ಎಲ್ಲ ರೆಡಿ ಮಾಡಿಟ್ಕೊಂಡಿದೀನಿ. ನೀವು ಬರೋ ಹಾಗಿದ್ರೆ ಬೇಗ ಬನ್ನಿ, ತಡ ಮಾಡಬೇಡಿ."

ತಿರುಗಿ ನೋಡಿದರೆ ಪ್ಯಾಂಟು ಇದೆ, ಮನುಷ್ಯ ಇಲ್ಲ. ಸ್ವಲ್ಪ ಹೊತ್ತಿಗೆ ಜೀಪು ಬಂತು.

ಪೊಲೀಸ್ ಠಾಣೆಯಲ್ಲಿ ಇನ್ಸ್‌ಪೆಕ್ಟರು ಬಹಳ ಗಂಭೀರವಾಗಿ ಶುರು ಮಾಡಿದರು. "ಯಾರ ದಿನ ತುಂಬಿದೆ ಅಂದ್ರಿ?"

"ನನ್ನ ಮಗಳದ್ದು ಸಾರ್."

"ಕೊಯ್ಯೋದು ಯಾರು?"

"ಡಾಕ್ಟರಮ್ಮ."

"ಏನನ್ನ ಹೊರಗೆ ತೆಗೀತಾರೆ?"

"ಮಗೂನ ಸಾರ್. ಇನ್ನೇನನ್ನ ತೆಗೀತಾರೆ?"

"ಬೇಗ ಬನ್ನಿ ಅಂತ ಕರೆದದ್ದು ಯಾರನ್ನ?"

"ನಮ್ಮ ಬೀಗಿತ್ತೀನ. ಬಾಣಂತೀನ ನೋಡ್ಕೊಳ್ಳೋಕೆ ನಾನೊಬ್ಬಳೇ ಸಾಲಲ್ಲ, ಅಂಗಡೀನೂ ನೋಡ್ಬೇಕಲ್ಲ."

ಅಷ್ಟರಲ್ಲಿ ನನ್ನ ಮಗಳು ಗಂಡನ ತೋಳು ಹಿಡಿದುಕೊಂಡು ಒಳಗೆ ಬಂದಳು. ಮೊದಲು ಹೊಟ್ಟೆ ಬಂತು, ಆಮೇಲೆ ಅವಳು ಬಂದಳು. ಇನ್ಸ್‌ಪೆಕ್ಟರು ಎದ್ದು ತಮ್ಮ ಕುರ್ಚಿಯನ್ನೇ ಬಿಟ್ಟುಕೊಟ್ಟರು. ಕುರ್ಚಿ ಬಿಟ್ಟುಕೊಡುವುದು ಅಷ್ಟೇನೂ ಕಷ್ಟದ ಕೆಲಸವಲ್ಲ ಎಂದು ನನಗೆ ಆಗ ಅನ್ನಿಸಿತು, ತಮಗೂ ತಿಳಿದಿರಲಿ ಎಂದು ಹೇಳಿದೆ. ನಮ್ಮನ್ನು ಬಾಗಿಲವರೆಗೆ ಕಳಿಸಿಕೊಡಲು ಬಂದವರು ಧ್ವನಿ ತಗ್ಗಿಸಿ ಹೇಳಿದರು: "ಬೇಜಾರು ಮಾಡ್ಕೋಬೇಡಿ ಅಮ್ಮ. ಈಗ ದಿನ ತುಂಬಿದೆ ಅಂತ ಯಾರು ಅಂದ್ರೂ ನಮಗೆಲ್ಲ ಒಬ್ಬರೇ ನೆನಪಾಗೋದು." ಯಾರು ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಮಾನ್ಯರೇ, ಬಸುರಿ ಹೆಂಗಸಿನ ಸುದ್ದಿಯನ್ನು ತಮ್ಮ ಕಡೆಯವರೇ ತಮ್ಮ ಸುದ್ದಿ ಎಂದುಕೊಂಡರೆ ಅದು ನನ್ನ ತಪ್ಪೇ?

ಇಲ್ಲಿಯವರೆಗಿನದು ತಮಾಷೆ. ಮುಂದಿನದು ಹಾಗಲ್ಲ.

ಎರಡು ದಿನ ಬಿಟ್ಟು ಮಧ್ಯಾಹ್ನ ಮಗಳಿಗೆ ನೋವು ಶುರುವಾಯಿತು. ಅಳಿಯ ಬ್ರೆಡ್ಡು ತುಂಬಿದ ವ್ಯಾನನ್ನೇ ತಂದ. ಅವಳನ್ನು ಟ್ರೇಗಳ ನಡುವೆ ಹಾಸಿದ ಹೊದಿಕೆಯ ಮೇಲೆ ಮಲಗಿಸಿ ನಾನೂ ಪಕ್ಕದಲ್ಲಿ ಕುಳಿತೆ. ಗೇಟು ಬಿದ್ದಿತ್ತು. ಗೂಡ್ಸ್ ಗಾಡಿ ಹಳಿಯ ಮೇಲೆ ನಿಂತುಬಿಟ್ಟಿತ್ತು, ಅದರ ತಲೆಯೂ ಕಾಣುವುದಿಲ್ಲ, ಬಾಲವೂ ಕಾಣುವುದಿಲ್ಲ. ಅವಳ ಕೈ ನನ್ನ ಕೈಯಲ್ಲಿ ತಣ್ಣಗಾಗುತ್ತಿತ್ತು. "ಸೇತುವೆ ಕಡೆ ತಿರುಗಿಸು" ಎಂದು ಅಳಿಯನಿಗೆ ಹೇಳಿದೆ.

ಡ್ರಮ್ಮುಗಳ ಹತ್ತಿರ ಕಾವಲುಗಾರ ಕೈ ಅಡ್ಡ ಹಿಡಿದ. ಕೆಟ್ಟವನಲ್ಲ ಪಾಪ, ನೌಕರಿ. "ದೊಡ್ಡವರು ಬರೋವರೆಗೂ ಯಾರನ್ನೂ ಬಿಡೋ ಹಾಗಿಲ್ಲಮ್ಮ. ಮೇಲಿಂದ ಆರ್ಡರು."

ನಾನು ಬಾಯಿ ತೆರೆಯುವ ಮೊದಲೇ ವ್ಯಾನಿನ ಒಳಗಿನಿಂದ ಮಗಳು ಕೂಗಿದಳು: "ದೊಡ್ಡವರು ಬರ್ತಾರೋ ಬಿಡ್ತಾರೋ ಗೊತ್ತಿಲ್ಲ ಕಣಣ್ಣ. ಚಿಕ್ಕವರು ಬರ್ತಿದಾರೆ, ದಾರಿ ಬಿಡು."

ಅವನು ವ್ಯಾನಿನೊಳಗೆ ಇಣುಕಿದ. ಡ್ರಮ್ಮು ಉರುಳಿಸಿದ, ಆಚೆ ತುದಿಯ ಕಾವಲುಗಾರನಿಗೂ ಫೋನು ಮಾಡಿ ತೆಗೆಸಿದ. ಆದರೆ ರಿಬ್ಬನ್ನಿನ ಎದುರು ಬಂದು ನಿಂತುಬಿಟ್ಟ. "ಇದನ್ನ ಮುಟ್ಟೋಕೆ ನಂಗೆ ಅಧಿಕಾರ ಇಲ್ಲಮ್ಮ. ನಾನು ಆ ಕಡೆ ತಿರುಗಿ ನಿಂತ್ಕೋತೀನಿ, ನೀವುಂಟು ಅದುಂಟು." ನಾನು ಅಂಗಡಿಯಿಂದ ಎದ್ದು ಬಂದ ಹಾಗೇ ಬಂದಿದ್ದೆ. ಕತ್ತರಿ ಕೊರಳ ಹುರಿಯಲ್ಲೇ ನೇತಾಡುತ್ತಿತ್ತು. ನಾನೇ ಹೊಲಿದ ರಿಬ್ಬನ್ನು, ನನ್ನದೇ ಕತ್ತರಿ. ಕತ್ತರಿಸಿದೆ. ಚಪ್ಪಾಳೆ ಬೀಳಲಿಲ್ಲ, ಹಿಂದಿನಿಂದ ಹಾರನ್ನು ಕೇಳಿಸಿತು. ಗೇಟಿನಲ್ಲಿ ಸಿಕ್ಕಿಕೊಂಡಿದ್ದವರೆಲ್ಲ ನಮ್ಮ ಬೆನ್ನ ಹಿಂದೆಯೇ ಹತ್ತಿ ಬಂದಿದ್ದರು. ನಾಯಿ ಎದ್ದು, ಮೈ ಮುರಿದು, ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು. ಅದಕ್ಕಿದ್ದ ತಿಳುವಳಿಕೆ ತಮ್ಮ ಕಚೇರಿಗೆ ಇರಲಿಲ್ಲ.

ಮಗು ಹುಟ್ಟಿತು. ಹೆಣ್ಣು. ಹೊಕ್ಕುಳಬಳ್ಳಿ ಕುತ್ತಿಗೆಗೆ ಸುತ್ತಿಕೊಂಡಿತ್ತಂತೆ. "ಇನ್ನು ಸ್ವಲ್ಪ ತಡ ಆಗಿದ್ರೆ" ಎಂದ ಡಾಕ್ಟರಮ್ಮ ನನ್ನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು. ನಾನು ಆಸ್ಪತ್ರೆಯ ಗೋಡೆಗೆ ಒರಗಿ ಅತ್ತೆ. ಸಿಟ್ಟಿಗೆ ಅತ್ತೆನೋ ಸಂತೋಷಕ್ಕೆ ಅತ್ತೆನೋ ಈಗಲೂ ತಿಳಿಯದು. ಸಂಜೆಯವರೆಗೆ ಸೇತುವೆಯ ಮೇಲೆ ವಾಹನ ಓಡಾಡಿತು. ಆಸ್ಪತ್ರೆಯ ಕ್ಯಾಂಟೀನಿಗೆ ಅಂದು ಮೊದಲ ಸಲ ಬ್ರೆಡ್ಡು ಬಿಸಿಯಾಗಿ ತಲುಪಿತಂತೆ.

ಮರುದಿನ ಬೆಳಗ್ಗೆ ಡ್ರಮ್ಮುಗಳು ಎದ್ದು ಅವುಗಳ ಜಾಗಕ್ಕೆ ಬಂದಿದ್ದವು. ಕತ್ತರಿಸಿದ ರಿಬ್ಬನ್ನಿನ ಎರಡು ತುಂಡನ್ನು ನಡುವೆ ಗಂಟು ಹಾಕಿ ಮತ್ತೆ ಕಟ್ಟಿದ್ದರು. ಆ ಗಂಟನ್ನು ನೋಡಿ ಹೊಲಿಗೆಯವಳಾಗಿ ನನಗೆ ನಾಚಿಕೆಯಾಯಿತು. ಅದೇ ಇನ್ಸ್‌ಪೆಕ್ಟರು ಮುಖ ತಗ್ಗಿಸಿಕೊಂಡು ಬಂದು, ಸಾಕ್ಷ್ಯ ಬೇಕು ಎಂದು ಕತ್ತರಿ ತೆಗೆದುಕೊಂಡು ಹೋದರು. ರಾಷ್ಟ್ರನಾಯಕರ ಕರ್ತವ್ಯಕ್ಕೆ ಅಡ್ಡಿಪಡಿಸಿದ್ದು ನನ್ನ ಮೇಲಿನ ಆರೋಪ. ಯಾವ ಕರ್ತವ್ಯ ಎಂದು ಕೇಳಿದೆ. ಮೇಲೆ ಕೇಳಿ ಹೇಳುತ್ತೇನೆ ಎಂದವರು ಇನ್ನೂ ಹೇಳಿಲ್ಲ. ಅವರು ಹೋದ ಬೆನ್ನಿಗೇ ಎಂಜಿನಿಯರ್ ಕಚೇರಿಯಿಂದ ಒಬ್ಬರು ಬಂದು, ಹೊಸ ರಿಬ್ಬನ್ ಬೇಕು, ದೊಡ್ಡವರು ಈ ಸಲ ಖಂಡಿತ ಬರುತ್ತಾರೆ ಎಂದರು. ಕತ್ತರಿ ಠಾಣೆಯಲ್ಲಿದೆ ಎಂದೆ. ಹಾಗಾದರೆ ಬಟ್ಟೆ ಹಿಡಿದುಕೊಂಡು ಠಾಣೆಗೆ ಹೋಗಿ ಕತ್ತರಿಸಿಕೊಂಡು ಬನ್ನಿ ಎಂದು ಅವರು ಯೋಚಿಸಿ ಸಲಹೆ ಕೊಟ್ಟರು. ನಗಲಿಲ್ಲ, ನಿಜವಾಗಿಯೇ ಹೇಳಿದರು. ಇಂಥವರನ್ನೆಲ್ಲ ತಾವು ಎಲ್ಲಿಂದ ಹುಡುಕಿ ತಂದಿರಿ?

ಮಗುವನ್ನು ಇನ್ನೂ ಕೆಲವು ದಿನ ನೋಡಿಕೊಳ್ಳಬೇಕೆಂದು ಆಸ್ಪತ್ರೆಯ ಬೆಚ್ಚನೆಯ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ತಾಯಿಗೆ ಅಲ್ಲಿ ಹಾಸಿಗೆಯಿಲ್ಲ, ಮನೆಗೆ ಕಳಿಸಿದ್ದಾರೆ. ಹಾಲೂಡಿಸಲು ಹೋಗುವಾಗಲೆಲ್ಲ ಹಸಿ ಬಾಣಂತಿ ಗೇಟಿನಲ್ಲಿ ಗೂಡ್ಸ್ ಗಾಡಿಯನ್ನು ಕಾಯುತ್ತ ನಿಲ್ಲುತ್ತಾಳೆ. ಎದೆ ಕಟ್ಟಿ, ಹಾಲು ತಾನಾಗಿ ಒಸರಿ ರವಿಕೆ ಒದ್ದೆಯಾಗುತ್ತದೆ. ತಲೆಯ ಮೇಲೆ ಸೇತುವೆ ಖಾಲಿ ಬಿದ್ದಿರುತ್ತದೆ. ಅವಳು ಈಗ ಏನೂ ಕೂಗುವುದಿಲ್ಲ, ಸುಮ್ಮನೆ ಮೇಲೆ ನೋಡುತ್ತಾಳೆ. ಅವಳ ಪಕ್ಕದಲ್ಲಿ ಗಂಡನ ಔಷಧಿ ಚೀಟಿ ಹಿಡಿದ ಹೆಂಗಸು ನಿಂತಿರುತ್ತಾಳೆ, ಕೈ ಮುರಿದುಕೊಂಡ ಮುದುಕ ನಿಂತಿರುತ್ತಾನೆ. ಇವರೆಲ್ಲ ತಮಗೆ ಬೆನ್ನು ಹಾಕಿದ್ದಾರೆ ಎಂದು ತಮಗೆ ನೋವಾಗಿದೆಯಂತೆ. ಅವರು ಆಸ್ಪತ್ರೆಯ ಕಡೆ ಮುಖ ಮಾಡಿದ್ದಾರೆ ಮಾನ್ಯರೇ, ಅಷ್ಟೇ.

ಆದ್ದರಿಂದ ನನ್ನ ಬೇಡಿಕೆ. ಸೇತುವೆಯನ್ನು ಉದ್ಘಾಟಿಸಲು ತಾವು ಬರುವುದು ಬೇಡ, ಅದು ಉದ್ಘಾಟನೆಯಾಗಿದೆ. ತಮ್ಮ ಹೆಸರಿನ ಕಲ್ಲು ಅಲ್ಲೇ ಇರಲಿ, ಅದನ್ನು ಯಾರೂ ಕೀಳುವುದಿಲ್ಲ, ಬೇಕಾದರೆ ಪರದೆಯನ್ನು ಇನ್ನೊಮ್ಮೆ ಒಗೆದು ತೊಡಿಸುತ್ತೇನೆ. ಡ್ರಮ್ಮು ತೆಗೆಯಿರಿ ಎಂದು ಒಂದು ಮಾತು ಹೇಳಿ. ಕತ್ತರಿ ಕೊಡಿಸಿ. ಗುಪ್ತಚರನ ಪ್ಯಾಂಟು ಸೊಂಟ ಬಿಟ್ಟು ತಯಾರಾಗಿದೆ, ನಾಚಿಕೆ ಪಡದೆ ಬಂದು ತೆಗೆದುಕೊಂಡು ಹೋಗಲಿ.

ಇಷ್ಟಾದರೂ ಬರಲೇಬೇಕು ಎನ್ನಿಸಿದರೆ ಕುರ್ಚಿಯಿಂದ ಇಳಿದ ಮೇಲೆ ಒಂದು ದಿನ ಬನ್ನಿ. ಆಗ ಮುಂದೆ ಸೈರನ್ ಗಾಡಿ ಇರುವುದಿಲ್ಲ, ರಸ್ತೆ ಖಾಲಿ ಮಾಡಿಸುವವರು ಇರುವುದಿಲ್ಲ. ಸೇತುವೆ ಮುಚ್ಚಿದ್ದರೆ ಎಲ್ಲರಂತೆ ತಾವೂ ಗೇಟಿನಲ್ಲಿ ನಿಲ್ಲಬೇಕಾಗುತ್ತದೆ, ನಮ್ಮ ಜೊತೆಯಲ್ಲಿ, ಗೂಡ್ಸ್ ಗಾಡಿ ಹೊರಡುವವರೆಗೆ. ಆಗ ನಾವು ಯಾರೂ ಬೆನ್ನು ಹಾಕುವುದಿಲ್ಲ. ನಮಗೆಲ್ಲರಿಗೂ ತಮ್ಮ ಹತ್ತಿರ ಮಾತಾಡುವುದು ಬೇಕಾದಷ್ಟಿದೆ. ಅಂಥ ದಿನ ತಮಗೆ ಬಾರದಿರಲಿ ಎಂಬ ಕಾಳಜಿಯಿಂದಲೇ ಹೇಳುತ್ತಿದ್ದೇನೆ, ಸೇತುವೆಯನ್ನು ಈಗಲೇ ತೆರೆಸಿಬಿಡಿ.

ಇಂತಿ,
ಸದ್ಯಕ್ಕೆ ಹಲ್ಲಿನಿಂದ ದಾರ ಕಡಿಯುತ್ತಿರುವ,
ಸೇತುವೆಯ ಉದ್ಘಾಟಕಿಯ ಅಜ್ಜಿ