ಕಸ್ತೂರವ್ವನ ಅರ್ಧ ಹಾಡು

ಮಿಡಿಮನೆ, ವರದಾ ನದಿಯ ದಂಡೆ
ಶ್ರಾವಣದ ಮೂವತ್ತೆರಡನೆಯ ದಿನ, ೨೨೮೭

ಹಾವೇರಿ–ಹಾನಗಲ್ ಬಸ್ಸಿನ ಕಂಡಕ್ಟರ್ ಕಸ್ತೂರವ್ವ ಬಾರ್ಕಿ ಅವರಿಗೆ, ನೀಲಗಂಗಾ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ಶ್ರಾವಣ ಸಾಲದೆಂದು ನಾವು ಅದಕ್ಕೆ ಎರಡು ದಿನ ಸೇರಿಸಿಕೊಂಡಿದ್ದೇವೆ. ಆ ಎರಡು ದಿನ ಯಾರೂ ಕೆಲಸ ಮಾಡುವುದಿಲ್ಲ, ಹಿಂದಿನವರಿಗೆ ಕಾಗದ ಬರೆಯುತ್ತೇವೆ. ಅವು ಹೇಗೆ ತಲುಪುತ್ತವೆ ಎಂದು ಕೇಳಬೇಡಿ, ಆ ವಿಷಯದಲ್ಲಿ ನನ್ನ ತಿಳಿವಳಿಕೆ ಅಷ್ಟಕ್ಕಷ್ಟೇ. ನನ್ನ ಕೆಲವು ಪದಗಳು ನಿಮಗೆ ವಿಚಿತ್ರ ಅನ್ನಿಸಬಹುದು. ಇನ್ನೂರ ಅರವತ್ತು ವರ್ಷ ಬಾಯಿಂದ ಬಾಯಿಗೆ ಹೊರಳಿ ಬಂದ ಕನ್ನಡವಿದು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಿಮ್ಮ ನಡುನೋವಿಗೆ ಕತ್ತರಿ ಹಚ್ಚದೆ, ಸೂಜಿ ಚುಚ್ಚದೆ, ಹೆಬ್ಬೆರಳಿನಷ್ಟು ರಬ್ಬರ್ ತುದಿಯ ಯಂತ್ರವೊಂದರಿಂದ ಬೆನ್ನುಮೂಳೆಯನ್ನು ಸಣ್ಣಗೆ ಮಿಡಿಯುತ್ತಿದ್ದಾರಲ್ಲ, ನನ್ನ ಕೈಯಲ್ಲಿರುವುದು ಅದರದೇ ಮರಿಮಗಳು. ನಾವು ಮಿಡಿಗೋಲು ಎನ್ನುತ್ತೇವೆ. ಬೆನ್ನಿಗೆ ತಾಗಿಸಿದರೆ ಅದು ಕುತ್ತಿಗೆಯಿಂದ ನಡುವಿನವರೆಗೆ ನಡುಗುತ್ತಾ ಇಳಿಯುತ್ತದೆ, ಒಂದೊಂದು ಎಲುಬಿನ ಮರುದನಿಯನ್ನೂ ಕೇಳಿಸಿಕೊಳ್ಳುತ್ತದೆ. ಆ ಮರುದನಿಯ ಗೆರೆಗೆ ಬೆನ್ನೆಳೆ ಎಂದು ಹೆಸರು. ನೀವು ದಿನವಿಡೀ ನಿಂತು, ಕುಲುಕಾಡಿ ಬೆನ್ನು ಕೆಡಿಸಿಕೊಂಡಿರಿ. ನಾವು ನಿಲ್ಲದೆಯೇ ಕೆಡಿಸಿಕೊಂಡೆವು. ನಮ್ಮ ರಸ್ತೆಗಳಲ್ಲಿ ಈಗ ಗರಿಕೆ ಬೆಳೆದಿದೆ. ಮೊಣಕಾಲೆತ್ತರದಲ್ಲಿ ತೇಲುವ ಮಂಚಗಳ ಮೇಲೆ ಮಲಗಿಕೊಂಡೇ ಸಂತೆಗೆ, ಮದುವೆಗೆ, ಜಗಳಕ್ಕೂ ಹೋಗುತ್ತೇವೆ. ಎಲ್ಲರ ಬೆನ್ನೂ ಹಸಿ ಮಣ್ಣಿನಂತೆ ಮೆತ್ತಗಾಗಿದೆ, ಹಾಗಾಗಿ ನನ್ನಂಥ ಮಿಡಿಗಾರ್ತಿಯರಿಗೆ ಕೈತುಂಬ ಕೆಲಸ.

ನಿಮ್ಮ ಹೆಸರು ನನಗೆ ಗೊತ್ತಾದದ್ದು ಹೀಗೆ. ಮಹಾಮರೆವಿನ ವರ್ಷ ಯಂತ್ರಗಳ ನೆನಪೆಲ್ಲ ಅಳಿಸಿಹೋದಾಗ, ನೋವು ಇಳಿದ ಬೆನ್ನಿನ ಒಂದೇ ಒಂದು ಎಳೆ ಉಳಿಯಿತು. ಅದು ನಿಮ್ಮದು. ಹತ್ತನೆಯ ಸಲ ಹೋದ ದಿನ, ನಿಮ್ಮ ನಡು ಸಡಿಲವಾಗಿ ನೀವು ನೆಟ್ಟಗೆ ಕೂತಾಗ ತೆಗೆದದ್ದು. ಅದನ್ನೇ ಮಾದರಿ ಮಾಡಿಕೊಂಡು ಅಂದಿನಿಂದ ಎಲ್ಲರ ಬೆನ್ನನ್ನೂ ತಿದ್ದುತ್ತಿದ್ದೇವೆ. ಆದರೆ ಅದರಲ್ಲಿ ಎಲುಬಿನ ದನಿಯ ಜೊತೆಗೆ ಇನ್ನೊಂದು ದನಿಯೂ ಇದೆ. ಎಳೆಯ ಕೆಳಗೆ ನಿಮ್ಮ ಹೆಸರು, ಕೆಲಸ, ತಾರೀಖಿನ ಜೊತೆ ಟೆಕ್ನಿಷಿಯನ್ ಹೀಗೆ ಬರೆದಿದ್ದಾನೆ: ರೋಗಿ ಹಾಡು ಗುನುಗಿದರು. ಸುಮ್ಮನಿರಿ ಎಂದು ಕೈ ಎತ್ತಿದೆ. ನಿಲ್ಲಿಸಿದರು. ಎಲ್ಲ ಮುಗಿದ ಮೇಲೆ ಟೇಬಲ್ ಬಡಿದು ರೈಟ್ ರೈಟ್ ಅಂದರು.

ಈಗಲೂ ನಮ್ಮ ಮಿಡಿಮನೆಯಲ್ಲಿ ಚಿಕಿತ್ಸೆ ಮುಗಿದಾಗ ಟೇಬಲ್ಲನ್ನು ಎರಡು ಸಲ ಬಡಿದು ರೈಟ್ ರೈಟ್ ಎನ್ನುತ್ತೇವೆ. ಮಂತ್ರವೆಂದೇ ತಿಳಿದಿದ್ದೆ. ಅದು ಬಸ್ ಬಿಡುವ ಮಾತೆಂದು ಗೊತ್ತಾದ ದಿನ ಬಿದ್ದು ಬಿದ್ದು ನಕ್ಕೆ.

ನಿಮ್ಮ ಹಾಡು ಯಾವುದೆಂದು ಯಾರಿಗೂ ತಿಳಿಯದು, ಆದರೆ ಎಲ್ಲರಿಗೂ ಬರುತ್ತದೆ. ಮಿಡಿಸಿಕೊಂಡು ಹೋದವರೆಲ್ಲ ತಮಗೇ ಅರಿವಿಲ್ಲದೆ ಅದನ್ನು ಗುನುಗುತ್ತಾರೆ. ಬೆಳಗ್ಗೆ ಮಂಜು ಇನ್ನೂ ನೀರಿನ ಮೇಲೆ ಇರುವಾಗ ನದಿಯ ಎರಡೂ ದಂಡೆಯಿಂದ ಆ ಗುನುಗು ಏಳುತ್ತದೆ. ಬಟ್ಟೆ ಹಿಂಡುವವರು, ಹಾಲು ಕರೆಯುವವರು, ಮಂಚದ ಮೇಲೆ ಅರೆನಿದ್ದೆಯಲ್ಲಿ ತೇಲುವವರು, ಎಲ್ಲರದೂ ಅದೇ ಹಾಡು. ಎಲ್ಲರೂ ಹಾಡಿನ ಅದೇ ಅರ್ಧಕ್ಕೆ ಬಂದು ನಿಲ್ಲಿಸುತ್ತಾರೆ. ಆಮೇಲೆ ಸ್ವಲ್ಪ ಹೊತ್ತು ನೀರಿನ ಸದ್ದು ಮಾತ್ರ ಕೇಳಿಸುತ್ತದೆ.

ಹಾಡು ತುಂಡಾದ ಆ ಜಾಗ ಎಳೆಯಲ್ಲಿ ಒಂದು ತೊಡಕಾಗಿ ಉಳಿದಿದೆ, ಆಗ ಯಂತ್ರ ಮಿಡಿಯುತ್ತಿದ್ದ, ಕೆಳಗಿನಿಂದ ಮೂರನೆಯ ಎಲುಬಿನ ಬಳಿ. ಉಳಿದವರಿಗೆ ಅದು ಗಮನಕ್ಕೂ ಬರುವುದಿಲ್ಲ. ನನ್ನ ಅಪ್ಪ ಈರಭದ್ರನಿಗೆ ಮಾತ್ರ ಅಲ್ಲೇ ಹಿಡಿದುಕೊಂಡಿದೆ. ಮಾದರಿ ಎಳೆಯಿಲ್ಲದೆ ಮಿಡಿದರೆ ಅವನು ಏಳಲಾರ, ಅದರಿಂದ ಮಿಡಿದರೆ ಪೂರ್ತಿ ಬಾಗಲಾರ. ನನ್ನ ಮಗಳಿಗೆ ಹನ್ನೊಂದು ತಿಂಗಳು. ಅಂಬೆಗಾಲಿಟ್ಟು ತಾತನ ಪಾದ ಹಿಡಿದು ಮೇಲೆ ನೋಡುತ್ತಾಳೆ. ಅವನು ಹಾಡುತ್ತಾ ಬಾಗುತ್ತಾನೆ, ಹಾಡು ನಿಂತಲ್ಲಿ ಅವನೂ ನಿಲ್ಲುತ್ತಾನೆ. ಅವನ ಕೈಗೂ ಕೂಸಿಗೂ ನಡುವೆ ಒಂದು ಗೇಣು ಉಳಿಯುತ್ತದೆ. ಒಮ್ಮೆಯೂ ಅವನು ಅವಳನ್ನು ನೆಲದಿಂದ ಎತ್ತಿಕೊಂಡಿಲ್ಲ. ನಾನೇ ಎತ್ತಿ ಅವನ ತೋಳಿಗೆ ಕೊಡುತ್ತೇನೆ. ಅವನು ನಗುತ್ತಾನೆ, ನನಗೆ ಅಳು ಬರುತ್ತದೆ.

ಹುಬ್ಬಳ್ಳಿಯ ಹಾಡುಗಾರರಿಂದ ಉಳಿದರ್ಧ ಕಟ್ಟಿಸಿ ಎಳೆಗೆ ಸೇರಿಸಿ ನೋಡಿದೆ. ಬಲು ಚೆಂದದ ಹಾಡು, ಆದರೆ ಅಪ್ಪನ ಬೆನ್ನು ಜಪ್ಪಯ್ಯ ಅನ್ನಲಿಲ್ಲ. “ಇದು ಆಕಿದಲ್ಲವ್ವ ನೀಲಾ. ಆಕಿ ಹಿಂಗ ಮುಗಸೂದಿಲ್ಲ” ಎಂದ. ನಿಮ್ಮನ್ನು ನಿನ್ನೆಯಷ್ಟೇ ಕಂಡು ಬಂದವನ ಹಾಗೆ ಹೇಳಿದ.

ನಮಗೆ ಎಂದೋ ಮುಗಿದುಹೋದ ನಿಮ್ಮ ಹತ್ತನೆಯ ಸರದಿ ನಿಮಗೆ ಇನ್ನೂ ಬರುವ ಮಂಗಳವಾರ. ಈ ಕಾಗದ ಅದಕ್ಕೂ ಮೊದಲೇ ನಿಮ್ಮ ಟಿಕೆಟ್ ಚೀಲದಲ್ಲಿ ಸಿಗಬೇಕು. ನೀವು ಯಾಕೆ ನಿಲ್ಲಿಸಿದಿರೆಂದು ನಾನು ಬಹಳ ಯೋಚಿಸಿದ್ದೇನೆ. ಟೆಕ್ನಿಷಿಯನ್‌ಗೆ ಹೆದರುವ ಹೆಂಗಸು ನೀವಲ್ಲ. ದಾರಿಯಲ್ಲಿ ಯಾರೇ ಕೈ ಎತ್ತಿದರೂ ಸೀಟಿ ಊದಿ ಬಸ್ ನಿಲ್ಲಿಸಿದವರು ನೀವು. ಅವನು ಕೈ ಎತ್ತಿದ್ದೇ ತಡ, ಅಭ್ಯಾಸಬಲದಿಂದ ನಿಂತುಬಿಟ್ಟಿರಿ.

ನೀವು ಹಾಡು ಮುಗಿಸಿದರೆ ಇಲ್ಲಿ ಒಂದು ಬೆಳಗ್ಗೆ ಅಪ್ಪ ಬಾಗಿ ಕೂಸನ್ನು ಎತ್ತಿಕೊಳ್ಳುತ್ತಾನೆ. ನನಗೆ ಅದರಲ್ಲಿ ಹೊಸತೇನೂ ಕಾಣಿಸುವುದಿಲ್ಲ, ದಿನಾ ಎತ್ತಿಕೊಳ್ಳುವವನೇ ಎಂದುಕೊಂಡು ರೊಟ್ಟಿ ಬಡಿಯುತ್ತಾ ಕೂತಿರುತ್ತೇನೆ. ಹಾಡು ಎಲ್ಲೂ ತುಂಡಾಗಿರದ ಮೇಲೆ ಈ ಕಾಗದವನ್ನು ನಾನು ಬರೆದೇ ಇರುವುದಿಲ್ಲ. ನಿಮ್ಮನ್ನು ನೆನೆಯುವುದಕ್ಕೂ ಆಗ ನನಗೆ ಕಾರಣವಿರುವುದಿಲ್ಲ. ಅದಕ್ಕೇ ಈಗಲೇ, ನೆನಪಿರುವಾಗಲೇ, ನಿಮಗೆ ಕೈ ಮುಗಿಯುತ್ತೇನೆ.

ಕಸ್ತೂರವ್ವ, ಈ ಒಂದು ಸಲ ಮಾತ್ರ, ಕೈ ಎತ್ತಿದವರಿಗೆ ಬಸ್ ನಿಲ್ಲಿಸಬೇಡಿ.

ರೈಟ್ ರೈಟ್,
ನೀಲಗಂಗಾ